ನುಚ್ಚು, ಹದ, ಸಕ್ಕರೆ: ಕಾರ್ನ್ ಫ್ಲೇಕ್ಸ್ ಹುಟ್ಟಿ ಬೆಳೆದ ಬಗೆ

ಕಾಳನ್ನು ಒಮ್ಮೆ ಬಿಸಿಗೆ ಒಡ್ಡಿ ಚಪ್ಪಟೆ ಮಾಡಿ ಇಟ್ಟುಕೊಂಡರೆ ಮುಂದೆ ಒಲೆ ಹಚ್ಚದೆಯೂ ತಿನ್ನಬಹುದೆಂಬ ಅರಿವು ಭತ್ತ ಬೆಳೆಯುವ ನಾಡುಗಳಿಗೆ ಬಹಳ ಹಳೆಯದು. ಅದಕ್ಕೆ ಹತ್ತಿರವಾದ ಅರಿವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೊದಲು ಗೋಧಿಗೂ ಆಮೇಲೆ ಮೆಕ್ಕೆಜೋಳಕ್ಕೂ ಅನ್ವಯವಾಗಿ ದೊಡ್ಡ ಉದ್ಯಮವಾದದ್ದು ಅಮೆರಿಕದ ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ. ಅದಕ್ಕೆ ಮೊದಲ ಒತ್ತಾಸೆ ದೊರೆತದ್ದು ಪಥ್ಯವನ್ನು ಧರ್ಮದ ಭಾಗವೆಂದು ನಂಬಿದ್ದ ಒಂದು ಕ್ರೈಸ್ತ ಪಂಥದಿಂದ. ಈ ತಿಂಡಿಯ ಚರಿತ್ರೆಯನ್ನು ಇಬ್ಬರು ಸಹೋದರರ ಜಗಳದ ಕತೆಯಾಗಿ ಹೇಳುವುದು ರೂಢಿಯಾಗಿದೆಯಾದರೂ, ಕಾಳಿನೊಳಗಿನ ನೀರು ಯಾವ ಹಂತದಲ್ಲಿ ಎಷ್ಟಿರಬೇಕೆಂಬ ಪ್ರಶ್ನೆಯನ್ನು ಬದಿಗಿಟ್ಟರೆ ಆ ಜಗಳ ಯಾವ ವಸ್ತುವಿಗಾಗಿ ನಡೆಯಿತೆಂಬುದೇ ಸ್ಪಷ್ಟವಾಗುವುದಿಲ್ಲ.

ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ಮುಖ್ಯ ನೆಲೆಯಾಗಿದ್ದ ಬ್ಯಾಟಲ್ ಕ್ರೀಕ್‌ನಲ್ಲಿ, ಪಂಥದ ನಾಯಕಿ ಎಲೆನ್ ವೈಟ್ ಅವರ ಉಪದೇಶದ ಪ್ರೇರಣೆಯಿಂದ 1866ರಲ್ಲಿ ಒಂದು ಆರೋಗ್ಯಧಾಮ ಆರಂಭವಾಯಿತು. ಮಾಂಸ, ಮದ್ಯ, ತಂಬಾಕು, ಚಹಾ, ಕಾಫಿಗಳನ್ನು ವರ್ಜಿಸಿದ್ದ ಈ ಸಂಸ್ಥೆಯ ಹೊಣೆಯನ್ನು 1876ರಲ್ಲಿ ವಹಿಸಿಕೊಂಡ ಯುವ ವೈದ್ಯ ಜಾನ್ ಹಾರ್ವೆ ಕೆಲಾಗ್ ಅದನ್ನು ಬ್ಯಾಟಲ್ ಕ್ರೀಕ್ ಸ್ಯಾನಿಟೇರಿಯಂ ಎಂಬ ಹೆಸರಿನಿಂದ ದೇಶದಲ್ಲೆಲ್ಲ ಪ್ರಸಿದ್ಧಿಗೆ ತಂದರು. ಉಪ್ಪು ಹಾಕಿದ ಹಂದಿಮಾಂಸ, ಮೊಟ್ಟೆ, ಕರಿದ ಆಲೂಗಡ್ಡೆಗಳಿಂದ ದಿನವನ್ನು ಆರಂಭಿಸುತ್ತಿದ್ದ ಅಂದಿನ ಅಮೆರಿಕನ್ನರಿಗೆ ಅಜೀರ್ಣವೇ ದೊಡ್ಡ ಕಾಯಿಲೆಯೆಂದು ಅವರು ನಂಬಿದ್ದರು; ಮಸಾಲೆ ಮತ್ತು ಮಾಂಸ ದೇಹದ ಕಾಮನೆಗಳನ್ನು ಕೆರಳಿಸುತ್ತವೆಂಬ ಮತವೂ ಅವರಿಗಿತ್ತು. ಕಾರ್ನ್ ಫ್ಲೇಕ್ಸ್ ಕಾಮನಿಗ್ರಹಕ್ಕೆಂದೇ ಹುಟ್ಟಿತೆಂದು ಇಂದು ಹರಡಿರುವ ಮಾತು ಮಾತ್ರ ಅತಿಶಯವಾದದ್ದು, ಏಕೆಂದರೆ ಅವರ ಪೇಟೆಂಟ್ ಪತ್ರದಲ್ಲಿ ಕಾಣುವುದು ರೋಗಿಗಳಿಗೂ ಚೇತರಿಸಿಕೊಳ್ಳುತ್ತಿರುವವರಿಗೂ ಸುಲಭವಾಗಿ ಜೀರ್ಣವಾಗುವ, ಮತ್ತೆ ಬೇಯಿಸಬೇಕಿಲ್ಲದ ಆಹಾರವೆಂಬ ಸರಳ ಉದ್ದೇಶ.

ಇಂಥ ಪ್ರಯತ್ನ ಮೊದಲೇ ನಡೆದಿತ್ತು. ನ್ಯೂಯಾರ್ಕ್ ರಾಜ್ಯದ ಡ್ಯಾನ್ಸ್‌ವಿಲ್‌ನಲ್ಲಿ ಜೇಮ್ಸ್ ಕೇಲೆಬ್ ಜಾಕ್ಸನ್ 1863ರಲ್ಲಿ ಇಡೀ ಗೋಧಿಯ ಹಿಟ್ಟನ್ನು ಕಲಸಿ ಸುಟ್ಟು, ಒಡೆದು, ಮತ್ತೆ ಸುಟ್ಟು ತಯಾರಿಸಿದ ಗ್ರಾನುಲ ಎಷ್ಟು ಗಟ್ಟಿಯಾಗಿತ್ತೆಂದರೆ ಅದನ್ನು ರಾತ್ರಿಯೇ ಹಾಲಿನಲ್ಲಿ ನೆನೆಹಾಕಬೇಕಾಗುತ್ತಿತ್ತು. ಕೆಲಾಗ್ ತಮ್ಮದೇ ಮಿಶ್ರಣಕ್ಕೂ ಅದೇ ಹೆಸರಿಟ್ಟು, ಜಾಕ್ಸನ್ ತಕರಾರು ತೆಗೆದ ಮೇಲೆ ಅದನ್ನು ಗ್ರಾನೋಲ ಎಂದು ಬದಲಿಸಿದರು.

ನಿಜವಾದ ತಿರುವು ಬಂದದ್ದು 1894ರಲ್ಲಿ. ಬೇಯಿಸಿದ ಗೋಧಿಯನ್ನು ಎರಡು ಉರುಳೆಗಳ ನಡುವೆ ಹಾಯಿಸಿ ತೆಳುವಾದ ಹಾಳೆ ಮಾಡುವ ಪ್ರಯೋಗ ಸ್ಯಾನಿಟೇರಿಯಂನಲ್ಲಿ ನಡೆಯುತ್ತಿತ್ತಾದರೂ, ಹಿಟ್ಟು ಉರುಳೆಗೆ ಮೆತ್ತಿಕೊಂಡು ಚಾಕುವಿನಿಂದ ಕೆರೆದು ತೆಗೆಯುವ ಪಾಡಾಗುತ್ತಿತ್ತು. ಒಮ್ಮೆ ಬೇಯಿಸಿದ ಗೋಧಿ ಬೇರೆ ಕೆಲಸಗಳ ನಡುವೆ ಹಾಗೆಯೇ ಉಳಿದು ಹಳಸಲು ತೊಡಗಿದಾಗ, ಅದನ್ನು ಬಿಸಾಡಲು ಮನಸ್ಸಾಗದೆ ಉರುಳೆಗೆ ಹಾಕಲಾಯಿತು. ಹಾಳೆಗೆ ಬದಲಾಗಿ ಒಂದೊಂದು ಕಾಳೂ ಬೇರೆಬೇರೆಯಾಗಿ ಒಂದೊಂದು ಚಕ್ಕೆಯಾಗಿ ಉದುರಿತು. ಇದರ ಕೀರ್ತಿ ವೈದ್ಯರದೋ, ಅವರ ಪತ್ನಿ ಎಲ್ಲಾ ಕೆಲಾಗ್ ಅವರದೋ, ಅಲ್ಲಿಯೇ ಲೆಕ್ಕಪತ್ರ ಹಾಗೂ ಆಡಳಿತ ನೋಡಿಕೊಳ್ಳುತ್ತಿದ್ದ ತಮ್ಮ ವಿಲ್ ಕೀತ್ ಅವರದೋ ಎಂಬ ಬಗ್ಗೆ ಕುಟುಂಬದವರೇ ಒಂದು ಮಾತಿಗೆ ಬರಲಿಲ್ಲ.

ಆದದ್ದೇನೆಂಬುದು ಈಗ ತಿಳಿದಿದೆ. ಧಾನ್ಯದ ಮುಖ್ಯಾಂಶವಾದ ಪಿಷ್ಟ, ನೀರಿನಲ್ಲಿ ಬೆಂದಾಗ ನೀರು ಹೀರಿ ಉಬ್ಬಿ ಅಂಟಾಗುತ್ತದೆ; ಆ ಸ್ಥಿತಿಯಲ್ಲಿ ಕಾಳಿನ ಹೊರಮೈ ಹೆಚ್ಚು ತೇವವಾಗಿಯೂ ಒಳಗು ಕಡಿಮೆ ತೇವವಾಗಿಯೂ ಇರುತ್ತದೆ. ಬೆಂದ ಕಾಳನ್ನು ಕೆಲವು ಗಂಟೆ ಬಿಟ್ಟರೆ ನೀರು ಒಳಗೂ ಹೊರಗೂ ಸಮನಾಗಿ ಹರಡುವುದರ ಜೊತೆಗೆ, ತಣಿದ ಪಿಷ್ಟ ಮತ್ತೆ ಬಿಗಿಗೊಂಡು ಮೇಲ್ಮೈಯ ಅಂಟು ಇಳಿಯುತ್ತದೆ. ರಾತ್ರಿಯ ಅನ್ನ ಬೆಳಗ್ಗೆ ಉದುರುದುರಾಗಿ ಚಿತ್ರಾನ್ನಕ್ಕೆ ಒದಗುವುದೂ ಇದೇ ಕಾರಣಕ್ಕೆ. ಹೀಗೆ ಹದಕ್ಕೆ ಬಂದ ಕಾಳು ಒತ್ತಡಕ್ಕೆ ಸಿಕ್ಕಾಗ ಪುಡಿಯಾಗದೆ, ನೆರೆಯ ಕಾಳಿಗೆ ಅಂಟದೆ, ತನ್ನಷ್ಟಕ್ಕೆ ಹರಡಿಕೊಳ್ಳುತ್ತದೆ. 1895ರ ಮೇ ತಿಂಗಳಲ್ಲಿ ಅರ್ಜಿ ಸಲ್ಲಿಸಿ 1896ರ ಏಪ್ರಿಲ್ 14ರಂದು ಕೆಲಾಗ್ ಪಡೆದ ಪೇಟೆಂಟ್‌ನಲ್ಲಿ ನೆನೆಸುವುದು, ಬೇಯಿಸುವುದು, ಭಾಗಶಃ ಆರಿಸುವುದು, ಒತ್ತುವುದು, ಸುಡುವುದು ಎಂಬ ಹಂತಗಳು ಕ್ರಮವಾಗಿ ಬರುತ್ತವೆ. ಉರುಳೆಯಾಗಲಿ ಒಲೆಯಾಗಲಿ ಅಂದಿಗೆ ಹೊಸತಾಗಿರಲಿಲ್ಲ, ಹೊಸತಿದ್ದದ್ದು ಕಾಯುವಿಕೆ.

ಗೋಧಿಯ ಈ ಚಕ್ಕೆ ಗ್ರಾನೋಸ್ ಎಂಬ ಹೆಸರಿನಲ್ಲಿ ಮುಖ್ಯವಾಗಿ ಪಂಥದವರಿಗೂ ಹಳೆಯ ರೋಗಿಗಳಿಗೂ ಅಂಚೆಯ ಮೂಲಕ ಹೋಗುತ್ತಿತ್ತು. ವೈದ್ಯರಿಗೆ ಮಾರುಕಟ್ಟೆಯ ಬಗ್ಗೆ ಇದ್ದ ಮುಜುಗರ, 1891ರಲ್ಲಿ ರೋಗಿಯಾಗಿ ಅಲ್ಲಿಗೆ ಬಂದಿದ್ದ ಚಾರ್ಲ್ಸ್ ವಿಲಿಯಂ ಪೋಸ್ಟ್ ಅವರಿಗೆ ಇರಲಿಲ್ಲ. 1895ರಲ್ಲಿ ಕಾಫಿಗೆ ಬದಲಿಯಾಗಿ ಹುರಿದ ಧಾನ್ಯದ ಪೋಸ್ಟಮ್ ಪಾನೀಯವನ್ನೂ, 1897ರಲ್ಲಿ ಗೋಧಿ ಮತ್ತು ಬಾರ್ಲಿಯ ಗ್ರೇಪ್ ನಟ್ಸ್ ತಿಂಡಿಯನ್ನೂ ಹೊರತಂದ ಅವರು, ಜಾಹೀರಾತಿನ ಬಲದಿಂದಲೇ ಕೆಲವು ವರ್ಷಗಳಲ್ಲಿ ಕೋಟ್ಯಧೀಶರಾದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಈ ಊರಿನಲ್ಲಿ ತಿಂಡಿಯ ಕಂಪನಿಗಳು ಹತ್ತಾರು ಸಂಖ್ಯೆಯಲ್ಲಿ ತಲೆಯೆತ್ತಿದವು. ಅವುಗಳಲ್ಲಿ ಹಲವಕ್ಕೆ ಊರಿನ ಹೆಸರೇ ಬಂಡವಾಳವಾಗಿತ್ತೆಂದರೆ ತಪ್ಪಾಗದು.

ಅಣ್ಣನ ಕೈಕೆಳಗೆ ಸುಮಾರು ಕಾಲು ಶತಮಾನ ದುಡಿದಿದ್ದ ವಿಲ್ ಕೀತ್ ಇದನ್ನೆಲ್ಲ ನೋಡುತ್ತಲೇ ಇದ್ದರು. ಗೋಧಿಯಿಂದ ಮೆಕ್ಕೆಜೋಳಕ್ಕೆ ಬಂದಾಗ ಎದುರಾದ ತೊಡಕೆಂದರೆ, ಕಾಳಿನ ಮೊಳಕೆಯ ಭಾಗದಲ್ಲಿರುವ ಎಣ್ಣೆಯಿಂದ ಚಕ್ಕೆ ಬೇಗ ಕಮಟು ಹಿಡಿಯುವುದು. ಮೊಳಕೆಯನ್ನೂ ಹೊಟ್ಟನ್ನೂ ಬೇರ್ಪಡಿಸಿ, ಒಳಗಿನ ಗಟ್ಟಿ ಭಾಗದ ದಪ್ಪ ನುಚ್ಚನ್ನಷ್ಟೇ ಬಳಸಿದಾಗ ಆ ತೊಡಕು ನೀಗಿತು. ರುಚಿಯ ಕೊರತೆಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ಸಾರ, ಒಂದು ಮಟ್ಟಿಗೆ ಒದಗಿತು. ವಿಲ್ ಅದರ ಮೇಲೆ ಸಕ್ಕರೆಯನ್ನೂ ಸೇರಿಸಿದರು. ಸಕ್ಕರೆಯನ್ನು ದೇಹಕ್ಕೆ ಹಾನಿಕರವೆಂದು ಬಗೆದಿದ್ದ ಅಣ್ಣನಿಗೆ ಇದು ತತ್ತ್ವದ್ರೋಹವಾಗಿ ಕಂಡಿತು. ರೋಗಿಗಳ ಪಥ್ಯ ಆರೋಗ್ಯವಂತರ ತಿಂಡಿಯಾದದ್ದು ಈ ಘಟ್ಟದಲ್ಲಿಯೇ ಎಂದು ಹೇಳಬೇಕು. 1906ರ ಫೆಬ್ರವರಿಯಲ್ಲಿ ವಿಲ್ ಬ್ಯಾಟಲ್ ಕ್ರೀಕ್ ಟೋಸ್ಟೆಡ್ ಕಾರ್ನ್ ಫ್ಲೇಕ್ ಕಂಪನಿಯನ್ನು ಸ್ಥಾಪಿಸಿ, ನಕಲಿಗಳಿಂದ ಕಾಪಾಡಿಕೊಳ್ಳಲು ಪೊಟ್ಟಣದ ಮೇಲೆ ತಮ್ಮ ಸಹಿಯನ್ನೇ ಅಚ್ಚು ಹಾಕಿಸಿದರು. ಕುಟುಂಬದ ಹೆಸರನ್ನು ವ್ಯಾಪಾರಕ್ಕೆ ಬಳಸುವ ಹಕ್ಕು ಯಾರದೆಂಬ ವ್ಯಾಜ್ಯ 1920ರಲ್ಲಿ ಮಿಷಿಗನ್ನಿನ ಸರ್ವೋಚ್ಚ ನ್ಯಾಯಾಲಯದಲ್ಲಿ ತಮ್ಮನ ಪರವಾಗಿ ಮುಗಿಯಿತು. ಪರಸ್ಪರ ಬೆನ್ನು ತಿರುಗಿಸಿದ ಇಬ್ಬರೂ 91 ವರ್ಷ ಬದುಕಿದರೆಂಬುದು ಪಥ್ಯವಾದಿಗಳಿಗೂ ಸಕ್ಕರೆವಾದಿಗಳಿಗೂ ಸಮನಾಗಿ ಒದಗುವ ಸಾಕ್ಷ್ಯ.

ಕಾರ್ಖಾನೆಯ ಕ್ರಮ ಆ ಕಾಲದಿಂದ ಮೂಲತಃ ಬದಲಾಗಿಲ್ಲ. ನುಚ್ಚನ್ನು ಸಕ್ಕರೆ, ಉಪ್ಪು, ಮಾಲ್ಟ್‌ಗಳ ದ್ರಾವಣದೊಡನೆ ತಿರುಗುವ ದೊಡ್ಡ ಹಂಡೆಗಳಲ್ಲಿ ಹಬೆಯ ಒತ್ತಡದಲ್ಲಿ ಒಂದೆರಡು ಗಂಟೆ ಬೇಯಿಸಿ, ಗಂಟು ಬಿಡಿಸಿ, ಬಿಸಿಗಾಳಿಯಲ್ಲಿ ಆರಿಸಿ, ಹದಕ್ಕೆ ಬರುವವರೆಗೆ ತೊಟ್ಟಿಗಳಲ್ಲಿ ಬಿಡುತ್ತಾರೆ. ಆಮೇಲೆ ಒಳಗೆ ನೀರು ಹರಿಸಿ ತಂಪಾಗಿಟ್ಟ ಭಾರಿ ಉಕ್ಕಿನ ಉರುಳೆಗಳ ನಡುವೆ ಹಾಯಿಸಿದಾಗ ಒಂದು ನುಚ್ಚು ಒಂದು ಚಕ್ಕೆಯಾಗುತ್ತದೆ. ಇನ್ನೂ ಬಾಗುವಷ್ಟು ಮೆತುವಾಗಿರುವ ಈ ಚಕ್ಕೆ, ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯೊಳಗೆ ಒಂದು ನಿಮಿಷದ ಆಸುಪಾಸು ಉರುಳಾಡುವಷ್ಟರಲ್ಲಿ, ಉಳಿದ ತೇವ ಹಬೆಯಾಗಿ ಹೊರನುಗ್ಗಿ ಮೈಮೇಲೆ ಗುಳ್ಳೆಗಳನ್ನೆಬ್ಬಿಸುತ್ತದೆ. ಚಕ್ಕೆ ಮುರುಟಿ ಗರಿಗರಿಯಾಗುವುದೂ ಕಂದು ಬಣ್ಣಕ್ಕೆ ತಿರುಗುವುದೂ ಆಗಲೇ. ಶಾಖಕ್ಕೆ ನಾಶವಾಗುವ ಜೀವಸತ್ವಗಳನ್ನು ಇದಾದ ಮೇಲೆ ಸಿಂಪಡಿಸುತ್ತಾರೆ.

ಅವಲಕ್ಕಿಯೊಡನೆ ಹೋಲಿಸಿದರೆ ವ್ಯತ್ಯಾಸವಿರುವುದು ಹಂತಗಳ ಸರದಿಯಲ್ಲಿ. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಹುರಿದು, ಬಿಸಿಯಿರುವಾಗಲೇ ಒನಕೆಯಿಂದ ಕುಟ್ಟುವ ಅಥವಾ ಗಿರಣಿಗೆ ಹಾಕುವ ಅವಲಕ್ಕಿಯ ಕ್ರಮದಲ್ಲಿ ಶಾಖ ಮೊದಲು, ಪೆಟ್ಟು ಆಮೇಲೆ. ಆದ್ದರಿಂದ ಅವಲಕ್ಕಿ ನೀರನ್ನು ಬೇಗ ಹೀರಿ ಮೆತ್ತಗಾಗುತ್ತದೆ, ತೋಯಿಸಿ ಒಗ್ಗರಣೆ ಹಾಕಲು ಬೇಕಾಗಿರುವುದೂ ಅದೇ ಗುಣ. ಕಾರ್ನ್ ಫ್ಲೇಕ್ಸ್‌ನಲ್ಲಿ ಕೊನೆಯ ಶಾಖ ಒತ್ತಿದ ಮೇಲೆ ಬರುವುದರಿಂದ ಗರಿಗರಿತನವೇ ಅದರ ಬೆಲೆ, ಮತ್ತು ಅದನ್ನು ತಿನ್ನಬೇಕಾದದ್ದು ತಣ್ಣನೆಯ ಹಾಲಿನಲ್ಲಿ. 1994ರಲ್ಲಿ ಕೆಲಾಗ್ ಕಂಪನಿ ಭಾರತಕ್ಕೆ ಬಂದಾಗ, ಬೆಳಗ್ಗೆ ಕಾಯಿಸಿದ ಬಿಸಿ ಹಾಲನ್ನೇ ಸುರಿಯುವ ಮನೆಗಳಲ್ಲಿ ಚಕ್ಕೆಗಳು ಕ್ಷಣದಲ್ಲಿ ಮುದ್ದೆಯಾದವು, ಮಾರಾಟವೂ ನಿರೀಕ್ಷಿಸಿದಷ್ಟು ಏರಲಿಲ್ಲ. ಇತ್ತ ದಿನಸಿ ಅಂಗಡಿಗಳಲ್ಲಿ, ಒಲೆಯ ಕೊನೆಯ ಹಂತವನ್ನು ಕಾಣದ, ಒತ್ತಿ ಒಣಗಿಸಿದಷ್ಟೇ ಮೆಕ್ಕೆಜೋಳದ ಚಕ್ಕೆ ಬಿಡಿಯಾಗಿ ತೂಕಕ್ಕೆ ಸಿಗುತ್ತದೆ. ಅದು ಮನೆಯಲ್ಲಿ ಕಾದ ಎಣ್ಣೆಗೆ ಬಿದ್ದು ಅರಳಿ, ಕಡಲೆಕಾಯಿ ಬೀಜ, ಕರಿಬೇವು, ಖಾರದಪುಡಿಯೊಡನೆ ಬೆರೆತು, ಸಂಜೆಯ ಕಾಫಿಯ ಜೊತೆ ಮುಗಿದುಹೋಗುತ್ತದೆ.