ಒಂದು ಗಂಟೆಯ ಹಾರಾಟಕ್ಕೆ ಎರಡು ದರ್ಜೆ

ನಮ್ಮ ಕೊಡಗಿನಲ್ಲಿ ರೈಲು ಹಳಿಯಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೂ ದೂರಪ್ರಯಾಣ ನಮ್ಮವರಿಗೆ ಹೊಸದಲ್ಲ. ಸೈನ್ಯಕ್ಕೆ ಸೇರಿ ಕಾಶ್ಮೀರ, ಅಸ್ಸಾಂಗಳಿಗೆ ಹೋದವರು, ನೌಕರಿಗೆಂದು ಬೆಂಗಳೂರು, ದುಬೈ, ಸಿಂಗಪುರಗಳಲ್ಲಿ ನೆಲೆಸಿದವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅಂಥ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು: "ಸರ್, ಒಂದು ಗಂಟೆಯ ಹಾರಾಟಕ್ಕೂ ಮುಂದೆ ಪರದೆ ಕಟ್ಟಿ ಬಿಸಿನೆಸ್ ಕ್ಲಾಸ್ ಎನ್ನುತ್ತಾರಲ್ಲ, ಇದು ಎಲ್ಲಿಂದ ಬಂತು?" ಪ್ರಶ್ನೆ ಚಿಕ್ಕದು, ಉತ್ತರದಲ್ಲಿ ಮಾತ್ರ ಒಂದು ಶತಮಾನದ ಇತಿಹಾಸವೇ ಅಡಗಿದೆ.

ಪ್ರಯಾಣಿಕರನ್ನು ದರ್ಜೆಗಳಾಗಿ ವಿಂಗಡಿಸುವ ಪದ್ಧತಿ ವಿಮಾನದೊಂದಿಗೆ ಹುಟ್ಟಿದ್ದಲ್ಲ. ಹಡಗು ಮತ್ತು ರೈಲುಗಳಿಂದ ಅದು ವಿಮಾನಕ್ಕೆ ಏರಿತು. ಬ್ರಿಟಿಷರ ಕಾಲದ ರೈಲಿನಲ್ಲಿ ಮೊದಲನೆಯ, ಎರಡನೆಯ, ಇಂಟರ್ ಮತ್ತು ಮೂರನೆಯ ದರ್ಜೆಗಳಿದ್ದವು. 1893ರಲ್ಲಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ ಗಾಂಧೀಜಿಯವರನ್ನು ಹೊರಗೆ ತಳ್ಳಿದಾಗ ಅವರ ಕೈಯಲ್ಲಿ ಮೊದಲ ದರ್ಜೆಯ ಟಿಕೆಟ್ಟೇ ಇತ್ತೆಂಬುದನ್ನು ನೀವೆಲ್ಲ ನನ್ನಿಂದಲೇ ಕೇಳಿದ್ದೀರಿ. ಹಣ ಕೊಟ್ಟರೂ ಸಿಗದ ಒಂದು ಸ್ಥಾನವಿದೆಯೆಂದು ಆ ರಾತ್ರಿ ಅವರಿಗೆ ತಿಳಿಯಿತು. ಭಾರತಕ್ಕೆ ಮರಳಿದ ಮೇಲೆ ಅವರು ಜನರನ್ನು ಅರಿಯಲು ಮೂರನೆಯ ದರ್ಜೆಯಲ್ಲೇ ಓಡಾಡಿದರು. ಮೂರನೆಯ ದರ್ಜೆಯೆಂಬ ಹೆಸರನ್ನು ನಮ್ಮ ರೈಲ್ವೆ ಕೈಬಿಟ್ಟಿದ್ದು 1974ರಲ್ಲಿ.

ಇನ್ನು ವಿಮಾನದ ಕಥೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತು ಅಹಮದಾಬಾದಿನ ಮೂಲಕ ಮುಂಬಯಿಗೆ ಹಾರಿದರು. ಅಲ್ಲಿಂದ ಅವರ ಸಹಚರ ನೆವಿಲ್ ವಿನ್ಸೆಂಟ್ ಆ ಅಂಚೆಯನ್ನು ಮದರಾಸಿಗೆ ಒಯ್ದದ್ದು ನಮ್ಮ ಬಳ್ಳಾರಿಯ ಮಾರ್ಗವಾಗಿ. ಅಂಚೆಯ ಚೀಲಗಳಿಗೆ ದರ್ಜೆಯಿರಲಿಲ್ಲ. ನಮ್ಮ ನೆರೆಯ ಬಜ್ಪೆಯಲ್ಲಿ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು. ಅಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದರು. 1953ರಲ್ಲಿ ಸರ್ಕಾರವು ವಿಮಾನ ಸಂಸ್ಥೆಗಳನ್ನು ರಾಷ್ಟ್ರೀಕರಿಸಿ ಇಂಡಿಯನ್ ಏರ್‌ಲೈನ್ಸನ್ನು ಸ್ಥಾಪಿಸಿತು. ಆ ಕಾಲದಲ್ಲಿ ವಿಮಾನದ ಒಳಗೆ ಪರದೆ ಕಟ್ಟುವ ಅಗತ್ಯ ಹೆಚ್ಚೇನಿರಲಿಲ್ಲ. ಟಿಕೆಟ್ಟಿನ ಬೆಲೆಯೇ ದೇಶದ ಬಹುಪಾಲು ಜನರನ್ನು ನಿಲ್ದಾಣದ ಹೊರಗೆ ನಿಲ್ಲಿಸುತ್ತಿತ್ತು.

ಬಿಸಿನೆಸ್ ಕ್ಲಾಸ್ ಎಂಬುದು ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಪಾಶ್ಚಾತ್ಯ ದೇಶಗಳಲ್ಲಿ. ಆಗ ರಿಯಾಯಿತಿ ಟಿಕೆಟ್ಟುಗಳು ಹೆಚ್ಚಿದ್ದವು. ತುರ್ತು ಕೆಲಸಕ್ಕೆ ಹೊರಟು ಪೂರ್ಣ ದರ ತೆತ್ತ ವ್ಯಾಪಾರಿಯೂ ಅರ್ಧ ಬೆಲೆಗೆ ಬಂದ ಪ್ರವಾಸಿಯೂ ಒಂದೇ ಸಾಲಿನಲ್ಲಿ ಕೂರಬೇಕಾಯಿತು. ಈ ಅಸಮಾಧಾನವನ್ನು ತಣಿಸಲು ಮೊದಲ ದರ್ಜೆಗೂ ಸಾಮಾನ್ಯ ದರ್ಜೆಗೂ ನಡುವೆ ಒಂದು ಹೊಸ ವಿಭಾಗ ಮಾಡಿದರು. ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆ 1979ರಲ್ಲಿ ಅದನ್ನು ಆರಂಭಿಸಿತು. ಹತ್ತು-ಹನ್ನೆರಡು ಗಂಟೆಗಳ ಸಾಗರಯಾನದಲ್ಲಿ ಅದಕ್ಕೊಂದು ಅರ್ಥವಿತ್ತು, ನಿದ್ರೆಗೆ ಬೆಲೆಯಿದೆ. ಲಂಡನ್ನಿನಿಂದ ಆ ದರ್ಜೆಯಲ್ಲಿ ಬಂದವನು ಮುಂದಿನ ಸಣ್ಣ ಹಾರಾಟದಲ್ಲೂ ಅದೇ ಮರ್ಯಾದೆಯನ್ನು ನಿರೀಕ್ಷಿಸಿದ. ಹಾಗೆ ಪರದೆ ಸಣ್ಣ ಹಾರಾಟಕ್ಕೂ ಬಂತು. ಯುರೋಪಿನ ಹಲವು ಸಂಸ್ಥೆಗಳ ಸಣ್ಣ ಹಾರಾಟಗಳಲ್ಲಂತೂ ಆಸನವೂ ಬೇರೆಯಲ್ಲ. ನಡುವಿನ ಆಸನವನ್ನು ಖಾಲಿ ಬಿಟ್ಟು, ಟಿಕೆಟ್ಟುಗಳು ಮಾರಾಟವಾದಷ್ಟಕ್ಕೆ ಪರದೆಯನ್ನು ಹಿಂದೆ ಮುಂದೆ ಸರಿಸುತ್ತಾರೆ. ನಮ್ಮ ಏಷ್ಯಾದಲ್ಲಿ ಸಾಮಾನ್ಯವಾಗಿ ಮುಂದಿನ ಕೆಲವು ಸಾಲುಗಳಲ್ಲಿ ನಿಜವಾಗಿಯೂ ಅಗಲವಾದ ಆಸನಗಳಿರುತ್ತವೆ.

ಈ ವಿಷಯದಲ್ಲಿ ಕನ್ನಡಿಗರಿಬ್ಬರು ಎರಡು ದಾರಿ ಹಿಡಿದದ್ದನ್ನು ಗಮನಿಸಬೇಕು. ನಮ್ಮ ಪಕ್ಕದ ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ 2003ರ ಆಗಸ್ಟ್‌ನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಮೊದಲ ಹಾರಾಟ ಬೆಂಗಳೂರು–ಹುಬ್ಬಳ್ಳಿಯ ನಡುವೆ, ಪುಟ್ಟ ಏಟಿಆರ್ ವಿಮಾನದಲ್ಲಿ. ಎಲ್ಲರಿಗೂ ಒಂದೇ ದರ್ಜೆ. ತಿಂಡಿ ಬೇಕಾದವರು ಕೊಂಡು ತಿನ್ನಬೇಕು. ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣರ 'ಶ್ರೀಸಾಮಾನ್ಯ'ನೇ ಆ ಸಂಸ್ಥೆಯ ಚಿಹ್ನೆ. 2005ರ ಮೇ ತಿಂಗಳಲ್ಲಿ ವಿಜಯ ಮಲ್ಯರ ಕಿಂಗ್‌ಫಿಷರ್ ಹಾರತೊಡಗಿತು; ಅದರ 'ಫಸ್ಟ್' ದರ್ಜೆಯ ವೈಭವ ದೇಶದಲ್ಲೆಲ್ಲ ಮಾತಾಯಿತು. ಕೊನೆಗೆ ನಷ್ಟದಲ್ಲಿದ್ದ ಡೆಕ್ಕನ್ನನ್ನು 2007–08ರಲ್ಲಿ ಕಿಂಗ್‌ಫಿಷರ್ ನುಂಗಿತು. ಲಾಭದ ಮುಖವನ್ನೇ ಕಾಣದ ಕಿಂಗ್‌ಫಿಷರ್ ನೌಕರರ ಸಂಬಳ ಬಾಕಿಯುಳಿಸಿಕೊಂಡು 2012ರ ಅಕ್ಟೋಬರ್‌ನಲ್ಲಿ ನಿಂತೇಹೋಯಿತು. ಅಗ್ಗದ ಟಿಕೆಟ್ಟೂ ಉಳಿಸಲಿಲ್ಲ, ವೈಭವವೂ ಉಳಿಸಲಿಲ್ಲ. ಆದರೆ ಗೋಪಿನಾಥರ ವಿಚಾರ ಉಳಿಯಿತು. 2006ರಲ್ಲಿ ಒಂದೇ ದರ್ಜೆಯೊಂದಿಗೆ ಹೊರಟ ಇಂಡಿಗೋ ದೇಶದ ಅತಿದೊಡ್ಡ ಸಂಸ್ಥೆಯಾಯಿತು. ವಿಚಿತ್ರವೆಂದರೆ, ಅದೇ ಇಂಡಿಗೋ 2024ರ ನವೆಂಬರ್‌ನಲ್ಲಿ ದೆಹಲಿ–ಮುಂಬಯಿ ಮಾರ್ಗದಲ್ಲಿ ಬಿಸಿನೆಸ್ ದರ್ಜೆಯನ್ನು ತಂದಿತು. ಪರದೆ ಎಂದಿಗೂ ಪೂರ್ತಿ ಮಾಯವಾಗುವುದಿಲ್ಲ.

ನಾನು ಆ ಆಸನದ ವಿರೋಧಿಯಲ್ಲ. ಮಗನ ಒತ್ತಾಯದಿಂದ ಒಮ್ಮೆ ಬೆಂಗಳೂರಿನಿಂದ ಕೊಲಂಬೊಗೆ ಅಂಥ ಆಸನದಲ್ಲಿ ಕುಳಿತು ಹೋಗಿದ್ದೇನೆ. ಮಂಡಿನೋವಿನವನಿಗೆ ಕಾಲು ಚಾಚಲು ಸ್ಥಳ ಸಿಕ್ಕಿತು, ಗಗನಸಖಿ ಹೆಸರು ಹಿಡಿದು ಮಾತನಾಡಿಸಿದಳು. ಊಟದ ತಟ್ಟೆ ತೆಗೆಯುವಷ್ಟರಲ್ಲಿ ವಿಮಾನ ಇಳಿಯತೊಡಗಿತು. ಆದರೆ ಆ ಒಂದು ಗಂಟೆಯ ಸುಖಕ್ಕಾಗಿ ಮಡಿಕೇರಿಯಿಂದ ದೇವನಹಳ್ಳಿಯವರೆಗೆ ಆರೇಳು ಗಂಟೆ ರಸ್ತೆಯಲ್ಲಿ ಕುಲುಕಿಕೊಂಡು ಬಂದಿದ್ದೆ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಿಲ್ದಾಣ ಊರಿನ ಆಚೆ ಬದಿಗೆ ಹೋದಾಗಿನಿಂದ ನಮ್ಮ ದಾರಿ ಇನ್ನಷ್ಟು ಉದ್ದವಾಗಿದೆ.

ಕೊಡಗಿನವರಿಗೆ ನಿಜವಾದ ದರ್ಜೆಯ ಪ್ರಶ್ನೆ ಇರುವುದು ಇಲ್ಲಿ. 2018ರ ಜೂನ್‌ನಲ್ಲಿ ಮಾಕುಟ್ಟ ಘಾಟಿ ಕುಸಿಯಿತು. ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡ ಜಾರಿ ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದವರು, ಅಲ್ಲಿಂದ ವಿಮಾನ ಹಿಡಿಯಬೇಕಾದವರು ಸುತ್ತುದಾರಿ ಹುಡುಕಿದರು. ಆಗ ಯಾವ ಆಸನದ ಟಿಕೆಟ್ಟು ಕೈಯಲ್ಲಿದ್ದರೂ ಒಂದೇ. ಅದೇ ವರ್ಷದ ಡಿಸೆಂಬರ್ 9ರಂದು ಮಟ್ಟನೂರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ತೆರೆಯಿತು. ವಿರಾಜಪೇಟೆಯಿಂದ ಮಾಕುಟ್ಟ, ಇರಿಟ್ಟಿಯ ದಾರಿಯಲ್ಲಿ ಅದು ಅರುವತ್ತು ಕಿಲೋಮೀಟರಿನ ಆಸುಪಾಸು. ಉಡಾನ್ ಯೋಜನೆಯಡಿ 2017ರ ಸೆಪ್ಟೆಂಬರ್‌ನಲ್ಲಿ ಮೈಸೂರಿನಿಂದ ಚೆನ್ನೈಗೆ ಏಟಿಆರ್ ವಿಮಾನ ಹಾರಿದ್ದೂ ಇಂಥದೇ ಹೆಜ್ಜೆ. ಈ ಬದಲಾವಣೆಗಳು ನಮ್ಮ ವೃದ್ಧರಿಗೆ, ರೋಗಿಗಳಿಗೆ, ರಜೆಯಲ್ಲಿ ಮನೆಗೆ ಬರುವ ಯೋಧನಿಗೆ ಕೊಟ್ಟ ಸೌಕರ್ಯವನ್ನು ಯಾವ ಅಗಲವಾದ ಆಸನವೂ ಕೊಡಲಾರದು.

ಆದ್ದರಿಂದ ಪ್ರಶ್ನೆ ಕೇಳಿದವಳಿಗೂ, ಓದುತ್ತಿರುವ ನಿಮಗೂ ನನ್ನ ಉತ್ತರ ಇಷ್ಟೇ. ಉದ್ದದ ಹಾರಾಟದಲ್ಲಿ ಆ ಆಸನ ನಿದ್ರೆಯನ್ನು ಕೊಡುತ್ತದೆ. ಸಣ್ಣ ಹಾರಾಟದಲ್ಲಿ ಅದು ಹೆಚ್ಚಾಗಿ ಕೊಡುವುದು ಪರದೆಯ ಮುಂದೆ ಕುಳಿತೆನೆಂಬ ಭಾವವನ್ನು. ಹಣವಿದ್ದರೆ, ಮಂಡಿ ನೋಯುತ್ತಿದ್ದರೆ ಕೊಳ್ಳಿರಿ, ತಪ್ಪಿಲ್ಲ. ಆದರೆ ಊರಿಗೆ ಬಂದಾಗ ಗ್ರಾಮಸಭೆಯಲ್ಲೋ ಜನಪ್ರತಿನಿಧಿಗಳ ಮುಂದೆಯೋ ಕೇಳಬೇಕಾದದ್ದು, ಮಳೆಗಾಲದಲ್ಲೂ ಕುಸಿಯದ ಒಂದು ಘಾಟಿ ರಸ್ತೆಯನ್ನು. ಅದರ ಮೇಲೆ ಕೆಂಪು ಬಸ್ಸಿನವನೂ ಹೋಗುತ್ತಾನೆ, ಮುಂದಿನ ಸಾಲಿನ ಟಿಕೆಟ್ಟಿನವನೂ ಹೋಗುತ್ತಾನೆ.