ಕೂಡಿದರೂ ಕರಗದ ದೋಷ: ಉಷ್ಣವಲಯದ ಕಾಡುಗಳ ಜೀವರಾಶಿ ಅಂದಾಜಿನ ಬಗ್ಗೆ ಒಂದು ತಕರಾರು

ಒಂದು ಮರದ ತೂಕವನ್ನು ಸಮೀಕರಣದಿಂದ ಅಂದಾಜಿಸಿದಾಗ ತಪ್ಪು ದೊಡ್ಡದಿರಬಹುದು, ಆದರೆ ನೂರಾರು ಮರ ಕೂಡಿದರೆ ಹೆಚ್ಚು-ಕಡಿಮೆಗಳು ಪರಸ್ಪರ ವಜಾ ಆಗುತ್ತವೆ. ಇಂಗಾಲದ ಲೆಕ್ಕದಲ್ಲಿ ಬಹುಕಾಲದಿಂದ ನಡೆದುಬಂದಿರುವ ಸಮಾಧಾನವಿದು. ಇದು ಅರ್ಧ ಮಾತ್ರ ನಿಜ ಎಂಬುದು ಈ ಲೇಖನದ ವಾದ.

ಒಪ್ಪಿತ ಸಂಗತಿಗಳನ್ನು ಬೇಗ ಮುಗಿಸಬಹುದು. ಮರವನ್ನು ಕಡಿದು ತೂಗುವುದು ದುಬಾರಿ. ಆದ್ದರಿಂದ ವ್ಯಾಸ, ಎತ್ತರ, ಕಟ್ಟಿಗೆಯ ಸಾಂದ್ರತೆಗಳಿಂದ ಒಣತೂಕ ಕಂಡುಹಿಡಿಯುವ ಸಮೀಕರಣಗಳೇ ಗತಿ. ಒಣತೂಕದಲ್ಲಿ ಇಂಗಾಲ ಅರ್ಧದಷ್ಟು ಎಂಬ ಹಳೆಯ ರೂಢಿಯ ಬದಲು ಐಪಿಸಿಸಿಯ 2006ರ ಮಾರ್ಗಸೂಚಿ 0.47 ಎಂದಿತು, ಅದರ ಬಗ್ಗೆ ದೊಡ್ಡ ಜಗಳವಿಲ್ಲ. ಪನಾಮಾದ ಬಾರೊ ಕೊಲರಾಡೊ ದ್ವೀಪದ ಮಾಹಿತಿ ಆಧರಿಸಿ ಜೆರೋಮ್ ಶಾವ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿದಂತೆ, ಅಳತೆಪಟ್ಟಿಯ ತಪ್ಪಿಗಿಂತ ಸಮೀಕರಣದ ಆಯ್ಕೆಯೇ ಅನಿಶ್ಚಿತತೆಯ ಮುಖ್ಯ ಮೂಲ. 2014ರಲ್ಲಿ ಅದೇ ಬಳಗ 58 ತಾಣಗಳ 4,004 ಮರಗಳಿಂದ ಇಡೀ ಉಷ್ಣವಲಯಕ್ಕೊಂದು ಸಮೀಕರಣ ಕೊಟ್ಟಿತು: ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಇವುಗಳ ಗುಣಲಬ್ಧವನ್ನು 0.976ರ ಘಾತಕ್ಕೇರಿಸಿ 0.0673ರಿಂದ ಗುಣಿಸಿದರೆ ಒಣತೂಕ ಕಿಲೋಗ್ರಾಂಗಳಲ್ಲಿ ಸಿಗುತ್ತದೆ. ಎತ್ತರ ಗೊತ್ತಿದ್ದರೆ ಸ್ಥಳೀಯ ಸಮೀಕರಣದ ಅಗತ್ಯ ಬಹುಮಟ್ಟಿಗೆ ಇಲ್ಲ ಎಂಬ ಅವರ ನಿಲುವು ಇಂದು ರೂಢಿಯಾಗಿದೆ.

ನನ್ನ ತಕರಾರು ಆ ಸಮೀಕರಣದ ಮೇಲಲ್ಲ, ಅದರ ಶೇಷದೋಷವನ್ನು ಬಳಸುವ ರೀತಿಯ ಮೇಲೆ. ಲಾಗರಿದಮ್ ಮಾಪಕದಲ್ಲಿ ಆ ದೋಷ 0.357. ಸಾಂದ್ರತೆ 0.6, ವ್ಯಾಸ 50 ಸೆಂ.ಮೀ., ಎತ್ತರ 30 ಮೀಟರ್ ಇರುವ ಮರಕ್ಕೆ ಸಮೀಕರಣ ಸುಮಾರು 2.3 ಟನ್ ಎನ್ನುತ್ತದೆ. ದೋಷ ಸೇರಿಸಿದರೆ 1.6ರಿಂದ 3.3 ಟನ್‌ವರೆಗೆ ಎಲ್ಲಾದರೂ ಇರಬಹುದು. 2017ರ ‘ಬಯೋಮಾಸ್’ ತಂತ್ರಾಂಶ ಗುಣಾಂಕಗಳ ಅನಿಶ್ಚಿತತೆಯನ್ನು ಎಲ್ಲ ಮರಗಳಿಗೂ ಸಾಮಾನ್ಯವೆಂದು ಸರಿಯಾಗಿಯೇ ಹಿಡಿಯುತ್ತದೆ. ಶೇಷದೋಷವನ್ನು ಮಾತ್ರ ಮರಮರಕ್ಕೂ ಸ್ವತಂತ್ರ ಎಂದು ಎಣಿಸುತ್ತದೆ. ಹಾಗೆಣಿಸಿದರೆ ಸಮತೂಕದ 500 ಮರಗಳ ಮೊತ್ತದಲ್ಲಿ ಆ ದೋಷ ಶೇ 1.6ಕ್ಕೆ ಇಳಿಯುತ್ತದೆ.

ಮರಗಳು ಸಮತೂಕದವಲ್ಲ ಎಂಬುದು ಮೊದಲ ತೊಡಕು. ಅದೇ ಸಾಂದ್ರತೆಯ, 120 ಸೆಂ.ಮೀ. ವ್ಯಾಸದ, 42 ಮೀಟರ್ ಎತ್ತರದ ಮರ ಸುಮಾರು 18 ಟನ್, 10 ಸೆಂ.ಮೀ. ವ್ಯಾಸದ, 10 ಮೀಟರ್ ಎತ್ತರದ ಮರ 35 ಕಿಲೋ. ಐನೂರು ಎಳೆಮರ ಕೂಡಿದರೆ ಒಂದು ಹೆಮ್ಮರ. ತೂಕದ ದೃಷ್ಟಿಯಿಂದ ತಾಕಿನಲ್ಲಿ ಲೆಕ್ಕಕ್ಕೆ ಬರುವವು ಐವತ್ತೇ ಎಂದುಕೊಂಡರೆ ಶೇ 1.6 ಹೋಗಿ ಶೇ 5 ಆಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಕೊಡಗಿನ ಕಡಮಕಲ್ಲು ಕಾಡಿನ ಉಪ್ಪಂಗಳದಲ್ಲಿ ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಕಾಯಂ ತಾಕುಗಳಿವೆ. ಅಂಥ ಕಡಿದಾದ ಇಳಿಜಾರಿನಲ್ಲಿ ಧೂಪದ ಮರಗಳ ಹಂದರ ತಗ್ಗಿನ ಕಡೆಗೇ ಹೆಚ್ಚು ಹರಡಿಕೊಳ್ಳುತ್ತದೆ. ಹಲಗೆಬೇರಿದ್ದರೆ ಪಟ್ಟಿಯನ್ನು ಎದೆಮಟ್ಟ ಬಿಟ್ಟು ಮೇಲೆ ಸುತ್ತಬೇಕು. ತುದಿ ಕಾಣದ ಕಡೆ ಎತ್ತರವನ್ನೂ ವ್ಯಾಸದಿಂದಲೇ ಊಹಿಸಬೇಕು. ಇಳಿಜಾರು, ಗಾಳಿ, ಮಳೆ ಆ ತಾಣದ ಎಲ್ಲ ಮರಗಳಿಗೂ ಒಂದೇ. ಅವುಗಳಿಂದ ಬರುವ ವ್ಯತ್ಯಾಸವೂ ಒಂದೇ ದಿಕ್ಕಿಗೆ ವಾಲುತ್ತದೆ. ಶೇಷದ ವಿಚಲನೆಯಲ್ಲಿ, ಅಂದರೆ 0.357ರ ವರ್ಗದಲ್ಲಿ, ಹತ್ತನೇ ಒಂದು ಪಾಲು ಹೀಗೆ ತಾಣಕ್ಕೆ ಸೇರಿದ್ದರೂ ಸುಮಾರು ಶೇ 11ರಷ್ಟು ದೋಷ ಉಳಿದೇ ಉಳಿಯುತ್ತದೆ. ಐನೂರಲ್ಲ, ಐದು ಸಾವಿರ ಮರ ಅಳೆದರೂ ಅದು ಕರಗದು.

ಇಲ್ಲಿ ಎಚ್ಚರ ಬೇಕು. ‘ಹತ್ತನೇ ಒಂದು’ ನನ್ನ ಊಹೆ, ಅಳತೆಯಲ್ಲ. ಪಾಲು ಅದಕ್ಕಿಂತ ಚಿಕ್ಕದಿರಬಹುದು. ದೋಷದ ದಿಕ್ಕನ್ನೂ ನಾನು ಹೇಳುತ್ತಿಲ್ಲ. ಕ್ಯಾಮರೂನಿನಲ್ಲಿ ತೂಗಿದ ಮರಗಳನ್ನೂ ಸೇರಿಸಿಕೊಂಡು ಪ್ಲೊಟೋನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅತಿ ದೊಡ್ಡ ಮರಗಳನ್ನು ಸಮೀಕರಣ ಕಡಿಮೆ ತೂಗುತ್ತದೆ. ಹಳೆಯ ಮರಗಳ ಪೊಟರೆಗಳು ಲೆಕ್ಕವನ್ನು ಎದುರು ದಿಕ್ಕಿಗೆ ಎಳೆಯುತ್ತವೆ. ಅನೇಕ ತಾಣಗಳ ಸರಾಸರಿ ತೆಗೆದರೆ ತಾಣದೋಷಗಳೂ ತಕ್ಕಮಟ್ಟಿಗೆ ವಜಾ ಆದಾವು. ಅದಕ್ಕೆ ಬೇಕಾದದ್ದು ಹೆಚ್ಚು ಮರಗಳಲ್ಲ, ಹೆಚ್ಚು ತಾಣಗಳು.

ಇನ್ನೊಂದು ಮಾತು, ಇದು ನನ್ನ ವಾದಕ್ಕೇ ಅಡ್ಡ ಬರುವಂಥದ್ದು. ಭಾರತೀಯ ಅರಣ್ಯ ಸಮೀಕ್ಷೆಯ 2023ರ ವರದಿ ದೇಶದ ಅರಣ್ಯ ಇಂಗಾಲವನ್ನು, ಮಣ್ಣಿನದೂ ಸೇರಿ, 728.55 ಕೋಟಿ ಟನ್ ಎನ್ನುತ್ತದೆ. ಹಿಂದಿನ ಅಂದಾಜಿಗಿಂತ 8.15 ಕೋಟಿ ಟನ್ ಹೆಚ್ಚು, ಶೇ 1.1ರಷ್ಟು. ಮರಗಳ ಪಾಲಿನಲ್ಲಿ ಶೇ 11ರ ದೋಷವಿದ್ದರೆ ಈ ಹೆಚ್ಚಳ ಅರ್ಥಹೀನ ಎಂದು ತೀರ್ಮಾನಿಸುವುದು ಅವಸರವಾದೀತು. ಎರಡೂ ಅಂದಾಜುಗಳಲ್ಲಿ ಅದೇ ದೋಷ ಅದೇ ಪ್ರಮಾಣದಲ್ಲಿದ್ದರೆ ವ್ಯತ್ಯಾಸವೂ ಅಷ್ಟೇ ಶೇಕಡಾ ತಪ್ಪೀತೇ ಹೊರತು ಕೊಚ್ಚಿಹೋಗದು. ಮೊತ್ತವನ್ನು ಕೆಡಿಸುವ ಸಾಮಾನ್ಯ ದೋಷ ಬದಲಾವಣೆಯ ಲೆಕ್ಕವನ್ನು ಅಷ್ಟಾಗಿ ಕೆಡಿಸುವುದಿಲ್ಲ. ಈ ರಿಯಾಯಿತಿ ಎಲ್ಲಿಯವರೆಗೆ ಸಲ್ಲುತ್ತದೆ ಎಂಬುದು ಬೇರೆಯೇ ಲೇಖನದ ವಿಷಯ.

ಶೇಷದೋಷವನ್ನು ತಾಣದ ಪಾಲು, ಮರದ ಪಾಲು ಎಂದು ಬೇರ್ಪಡಿಸುವ ಕೆಲಸ 2014ರ ದತ್ತಾಂಶದಿಂದಲೇ ಸಾಧ್ಯ. ಅದನ್ನು ಮೊದಲು ಮಾಡಬೇಕು. ಘಟ್ಟದ ಇಳಿಜಾರುಗಳಿಗೆ ಆ ಪಾಲು ಹೊಂದುತ್ತದೆಯೇ ಎನ್ನಲು ಮಾತ್ರ ಇಲ್ಲಿಯ ಹೆಮ್ಮರಗಳ ತೂಕವೇ ಬೇಕು. ಲೇಸರ್ ಸ್ಕ್ಯಾನರ್ ಕಡಿಯದೆಯೇ ಗಾತ್ರ ಕೊಟ್ಟೀತು. ಕಾಂಡದ ಒಳಗೆ ಎಷ್ಟು ಟೊಳ್ಳು, ಸಾಂದ್ರತೆ ಬುಡದಿಂದ ತುದಿಗೆ ಹೇಗೆ ಬದಲಾಗುತ್ತದೆ ಎಂಬೆರಡು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ.