ಕೈಲಾಸ ಸುತ್ತಿದವರು

ನಮ್ಮಲ್ಲಿ ಹಿರಿಯರು ತೀರಿಕೊಂಡರೆ ‘ಕೈಲಾಸವಾಸಿಯಾದರು’ ಅನ್ನುವುದು ರೂಢಿ. ಆದರೆ ಟಿಬೆಟ್ಟಿನ ಪಶ್ಚಿಮ ಮೂಲೆಯಲ್ಲಿರುವ ಕೈಲಾಸವನ್ನು ಬದುಕಿದ್ದಾಗಲೇ ನೋಡಿಬರಲು ಹೊರಟವರ ಚರಿತ್ರೆಯೂ ದೊಡ್ಡದೇ ಇದೆ.

ಕೈಲಾಸದ ಎತ್ತರ ಸುಮಾರು 6,638 ಮೀಟರ್. ಎವರೆಸ್ಟ್‌ಗಿಂತ ಎರಡು ಸಾವಿರ ಮೀಟರಿಗೂ ಹೆಚ್ಚು ಗಿಡ್ಡ. (ಭೂಗೋಳದವರನ್ನು ಕೇಳಿದರೆ ಇದು ಹಿಮಾಲಯದ ಬೆನ್ನಿಗಿರುವ ಬೇರೆ ಶ್ರೇಣಿ ಅನ್ನುತ್ತಾರೆ, ಇರಲಿ.) ಆದರೂ ಎವರೆಸ್ಟ್ ತುದಿಗೆ ಈಗ ಕ್ಯೂ ನಿಲ್ಲುತ್ತಾರೆ, ಕೈಲಾಸದ ತುದಿ ಮುಟ್ಟಿದ ದಾಖಲೆ ಒಂದೂ ಇಲ್ಲ. ಟಿಬೆಟ್ಟಿನ ಬೌದ್ಧರ ಕಥೆಯಲ್ಲಿ ಮಾತ್ರ ಮಿಲರೇಪ ಎಂಬ ಯೋಗಿ ಬೋನ್ ಧರ್ಮದವನೊಬ್ಬನ ಜೊತೆ ಪಂದ್ಯ ಕಟ್ಟಿ ಮೇಲೇರುತ್ತಾನೆ.

ಬಿಳಿಯರು ಇತ್ತ ಬಂದದ್ದು ಭಕ್ತಿಯಿಂದಲ್ಲ. 1812ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್ ಗೋಸಾಯಿ ವೇಷ ಹಾಕಿಕೊಂಡು ಮಾನಸ ಸರೋವರದವರೆಗೆ ಬಂದ. ಆತನಿಗೆ ಬೇಕಾಗಿದ್ದದ್ದು ಶಾಲಿನ ಉಣ್ಣೆ ಕೊಡುವ ಮೇಕೆಗಳು! 1907ರಲ್ಲಿ ಸ್ವೀಡನ್ನಿನ ಸ್ವೆನ್ ಹೆಡಿನ್ ನದಿಗಳ ಮೂಲ ಹುಡುಕುತ್ತಾ ಬಂದವನು, ಯಾತ್ರಿಕರ ದಾರಿಯಲ್ಲೇ ಕೈಲಾಸಕ್ಕೆ ಒಂದು ಸುತ್ತು ಹಾಕಿದ.

ನನಗೆ ಹೆಚ್ಚು ಇಷ್ಟವಾಗುವುದು 1926ರ ಕಥೆ. ಅಲ್ಮೋರದ ಡೆಪ್ಯುಟಿ ಕಮಿಷನರ್ ಹ್ಯೂ ರಟ್ಲೆಜ್ ಸರ್ಕಾರಿ ಕೆಲಸದ ಮೇಲೆ ಆ ಕಡೆ ಹೋಗಿದ್ದ. ಮುಂದೆ ಎವರೆಸ್ಟ್ ತಂಡಗಳ ನಾಯಕನಾದವನಲ್ಲವೇ, ಬೆಟ್ಟ ಕಂಡರೆ ಸುಮ್ಮನಿರುತ್ತಾನೆಯೇ? ಉತ್ತರ ಮುಖ ನೋಡಿ ಇದು ಆಗದ ಮಾತು ಅಂದುಕೊಂಡ. ಜೊತೆಗಾರ ವಿಲ್ಸನ್‌ಗೆ ಇನ್ನೊಂದು ಕಡೆಯ ಏಣು ಹತ್ತಬಹುದು ಅನ್ನಿಸಿತು. ಆದರೆ ಸಮಯ ಸಾಲಲಿಲ್ಲ, ಹಿಮವೂ ಬಿತ್ತು. ಕೊನೆಗೆ ರಟ್ಲೆಜ್ ದಂಪತಿ ಮಾಡಿದ್ದೂ ಪರಿಕ್ರಮವನ್ನೇ.

1980ರ ದಶಕದಲ್ಲಿ ರೈನ್‌ಹೋಲ್ಡ್ ಮೆಸ್ನರ್‌ಗೆ ಚೀನಾ ಹತ್ತುವ ಅವಕಾಶ ಕೊಟ್ಟಾಗ ಆತ ಒಲ್ಲೆ ಅಂದ. ದೊಡ್ಡ ಮನಸ್ಸು. 2001ರಲ್ಲಿ ಸ್ಪೇನ್ ತಂಡಕ್ಕೆ ಅನುಮತಿ ಸಿಕ್ಕಿದೆಯೆಂಬ ಸುದ್ದಿಗೇ ಪ್ರತಿಭಟನೆ ಎದ್ದಿತು, ಚೀನಾ ಅದನ್ನು ಅಲ್ಲಗಳೆಯಿತು.

ಹಾಗಂತ ಸುತ್ತುವುದೇನೂ ಸುಲಭವಲ್ಲ. ಸುಮಾರು 52 ಕಿಲೋಮೀಟರ್ ದಾರಿ, ನಡುವೆ 5,600 ಮೀಟರ್ ದಾಟಿದ ಡೋಲ್ಮಾ ಕಣಿವೆಮಾರ್ಗ. ನಾವು ಮೂರು ದಿನ ಏದುಸಿರು ಬಿಡುವುದನ್ನು ಟಿಬೆಟ್ಟಿನವರು ಅನೇಕರು ಒಂದೇ ದಿನದಲ್ಲಿ ಮುಗಿಸುತ್ತಾರೆ. ದೀರ್ಘದಂಡ ಹಾಕುತ್ತಲೇ ಸುತ್ತುವವರೂ ಇದ್ದಾರೆ. ಬೋನ್ ಧರ್ಮದವರು ಅಪ್ರದಕ್ಷಿಣೆಯಾಗಿ ಸುತ್ತುವುದರಿಂದ ಉಳಿದವರಿಗೆ ಎದುರಾಗುತ್ತಾರೆ.

ಅಲ್ಲಿಗೆ ತಲುಪುವ ಮೊದಲೇ ಜೀವ ಕಳೆದುಕೊಂಡವರಿದ್ದಾರೆ. ಎರಡು ದಶಕ ಮುಚ್ಚಿದ್ದ ಯಾತ್ರೆ ಭಾರತೀಯರಿಗೆ 1981ರಲ್ಲಿ ತೆರೆಯಿತು. 1998ರ ಆಗಸ್ಟ್‌ನಲ್ಲಿ ನಮ್ಮ ಗಡಿಯೊಳಗಿನ ಮಾಲ್ಪಾದಲ್ಲಿ ರಾತ್ರಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 60 ಮಂದಿ ಯಾತ್ರಿಕರು. ಬೆಂಗಳೂರಿನ ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ಕಲಾವಿದೆ ಪ್ರೊತಿಮಾ ಬೇಡಿಯೂ ಅಲ್ಲೇ ಹೋದರು.

2020ರಲ್ಲಿ ಮತ್ತೆ ನಿಂತ ಯಾತ್ರೆ 2025ರ ಜೂನ್‌ನಲ್ಲಿ ಶುರುವಾಯಿತು. 2026 ಟಿಬೆಟ್ಟಿನ ಪಂಚಾಂಗದಲ್ಲಿ ಕುದುರೆ ವರ್ಷ. ಆ ವರ್ಷ ಒಂದು ಸುತ್ತು ಹಾಕಿದರೆ ಹದಿಮೂರು ಸುತ್ತಿನ ಪುಣ್ಯವಂತೆ.